ನಮ್ಮ ಎಸ್‌ಐಪಿ ದುಡ್ಡು ಎಲ್ಲಿ ದುಡೀತಿದೆ? ಕ್ರೈಸ್ತ ಮನೆಗಳಿಗೆ ಹೂಡಿಕೆ ಪರೀಕ್ಷೆ ಮಾಡ್ಕೊಳ್ಳೋ ದಾರಿ

ಭಾನುವಾರ ಕಾಣಿಕೆ ಎಷ್ಟು ಹಾಕ್ಬೇಕು ಅಂತ ನಾವು ಯೋಚ್ನೆ ಮಾಡ್ತೀವಿ, ದಶಮಾಂಶ ಲೆಕ್ಕ ಹಾಕೋದು ಪೂರ್ತಿ ಸಂಬಳದ ಮೇಲಾ ಇಲ್ಲಾ ಪಿಎಫ್ ಟ್ಯಾಕ್ಸ್ ಕಟ್ಟಾಗಿ ಕೈಗೆ ಬರೋದ್ರ ಮೇಲಾ ಅಂತ ಚರ್ಚೆ ಆಗದ ಸಭೆನೇ ಇಲ್ಲ. ಆದ್ರೆ ಕೊಟ್ಟು ಉಳಿದಿದ್ದು, ಅಂದ್ರೆ ತಿಂಗಳಾ ತಿಂಗಳಾ ಎಸ್‌ಐಪಿಗೆ (ಎಷ್ಟೋ ಜನರ ದುಡ್ಡು ಸೇರಿಸಿ ಷೇರು ಕೊಳ್ಳೋ ಮ್ಯೂಚುವಲ್ ಫಂಡಿಗೆ ಕಂತಲ್ಲಿ ಕಟ್ಟೋದು) ಹೋಗೋ ದುಡ್ಡು, ಅದು ಯಾವ ಕಂಪನಿಯಲ್ಲಿದೆ, ಆ ಕಂಪನಿ ಏನು ಮಾರಿ ಲಾಭ ತರ್ತಿದೆ ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರು ಆ್ಯಪ್ ತೆಗೆದು ಹಸಿರು ಬಣ್ಣದ ರಿಟರ್ನ್ ನಂಬರ್ ತೋರಿಸ್ತಾರೆ ಅಷ್ಟೇ. ಷೇರು ಅಂದ್ರೆ ಪಾಲುದಾರಿಕೆ. ಫಂಡಿನ ಒಂದು ಯೂನಿಟ್ ಇದ್ರೂ ಆ ಕಂಪನಿಯಲ್ಲಿ ನಮಗೆ ಪಾಲಿದೆ, ಅದರ ಲಾಭದಲ್ಲಿ ಪಾಲಿದೆ, ಹಾಗಾಗಿ ಆ ಲಾಭ ಬಂದ ದಾರಿಯ ಬಗ್ಗೆನೂ ನಮಗೆ ಜವಾಬ್ದಾರಿ ಇದೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಹಾಗಂತ ಹೂಡಿಕೆನೇ ಪಾಪ ಅನ್ನೋರ ಮಾತು ಕೇಳ್ಬೇಡಿ. ಮತ್ತಾಯ 25ರ ತಲಾಂತುಗಳ ಸಾಮ್ಯದಲ್ಲಿ ಯಜಮಾನ ಬೈದಿದ್ದು ದುಡ್ಡು ಹೂತಿಟ್ಟವನಿಗೆ, ಕನಿಷ್ಠ ಸಾಹುಕಾರರ ಹತ್ರ ಇಟ್ಟಿದ್ರೆ ಬಡ್ಡಿನಾದ್ರೂ ಬರ್ತಿತ್ತಲ್ಲ ಅಂತ ಕೇಳ್ತಾನೆ. ಜ್ಞಾನೋಕ್ತಿ 13:11 ಅಂತೂ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟಿದ್ದು ಬೆಳೆಯುತ್ತೆ, ಅವಸರದಲ್ಲಿ ಬಂದಿದ್ದು ಕರಗುತ್ತೆ ಅನ್ನತ್ತೆ, ಎಸ್‌ಐಪಿ ಮಾಡೋರಿಗೆ ಇದಕ್ಕಿಂತ ಒಳ್ಳೆ ಮಾತು ಬೇಕಾ.

ಇನ್ನು ಧರ್ಮಕ್ಕೂ ವ್ಯಾಪಾರಕ್ಕೂ ಏನ್ ಸಂಬಂಧ ಅನ್ನೋರು ಮಂಗಳೂರಿನ ಕಥೆ ಒಂದ್ಸಲ ನೆನಪಿಸ್ಕೊಳ್ಳಿ. ಬಾಸೆಲ್ ಮಿಷನ್‌ನವರು 1834ರಲ್ಲಿ ಬಂದ್ರು, ಕ್ರೈಸ್ತರಾದ ಬಿಲ್ಲವರಲ್ಲಿ ಎಷ್ಟೋ ಜನ ಕಳ್ಳು ಇಳಿಸೋ ಕಸುಬು ಬಿಡಬೇಕಾಗಿ ಬಂತು, ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಏನು? ಅದಕ್ಕೆ ಉತ್ತರವಾಗಿ ನೇಯ್ಗೆ ಶುರುವಾಯ್ತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಬೇಡದ ಕಸುಬನ್ನ ಬಿಡು ಅಂತ ಹೇಳಿ ಕೈತೊಳ್ಕೊಳ್ಳದೆ ಬಂಡವಾಳ ಹಾಕಿ ಇನ್ನೊಂದು ದಾರಿನೂ ಕಟ್ಟಿದ್ರು. ಹೊರದೇಶದಲ್ಲೂ ಇದೇ ಯೋಚನೆ ನಡೆದಿದೆ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಯುದ್ಧದಿಂದ ಲಾಭ ಬೇಡ ಅಂತ ಅಮೆರಿಕದ ಮೆಥಡಿಸ್ಟ್‌ನವರು 1971ರಲ್ಲಿ ಪ್ಯಾಕ್ಸ್ ವರ್ಲ್ಡ್ ಫಂಡ್ ಶುರು ಮಾಡಿದ್ರು, 2022ರಲ್ಲಿ ವ್ಯಾಟಿಕನ್ ಕಡೆಯಿಂದ ಕಥೋಲಿಕ ಹೂಡಿಕೆದಾರರಿಗೆ ಅಂತಲೇ ಮೆನ್ಸುರಾಮ್ ಬೋನಮ್ ಅನ್ನೋ ಮಾರ್ಗದರ್ಶಿ ಬಂತು. ನಮ್ಮ ದೇಶದಲ್ಲಿ ಕ್ರೈಸ್ತ ಮೌಲ್ಯ ಅಂತ ಬೋರ್ಡ್ ಹಾಕಿರೋ ಮ್ಯೂಚುವಲ್ ಫಂಡ್ ನಾನಂತೂ ನೋಡಿಲ್ಲ, ಹಾಗಾಗಿ ಕೆಲಸ ನಾವೇ ಮಾಡ್ಕೋಬೇಕು.

ಮೊದಲು ಮನೆಯಲ್ಲಿ ಕೂತು ಪಟ್ಟಿ ಬರೀರಿ

ಗಂಡ ಹೆಂಡತಿ ಇಬ್ಬರೂ ಕೂತು ಬರೀರಿ, ಒಬ್ಬರೇ ಬೇಡ. ಯಾವ ವ್ಯಾಪಾರದ ಲಾಭ ನಮ್ಮ ಮನೆಗೆ ಬೇಡ? ತಂಬಾಕು, ಜೂಜು, ಅಶ್ಲೀಲ, ಈ ಮೂರರ ಬಗ್ಗೆ ಯಾವ ಸಭೆಯವರಿಗೂ ಜಗಳ ಇರಲ್ಲ. ಮದ್ಯದ ವಿಷಯ ಬಂದಾಗ ಮಾತ್ರ ಒಂದೊಂದು ಮನೆ ಒಂದೊಂದು ಥರ. ಮಂಗಳೂರು ಕಡೆ ರೋಸ್‌ಗೂ (ಮದುವೆಗೆ ಮುಂಚಿನ ಶಾಸ್ತ್ರ) ಮದುವೆಗೂ ವೈನ್ ಎತ್ತಿ ಟೋಸ್ಟ್ ಹೇಳೋ ಮನೆಗಳಿವೆ, ಪೆಂತೆಕೋಸ್ತ್ ಸಭೆಯವರ ಮನೆಯಲ್ಲಿ ಅದರ ಹೆಸರೂ ಎತ್ತಂಗಿಲ್ಲ. ರೋಮಾಪುರದವರಿಗೆ 14ನೇ ಅಧ್ಯಾಯ ಓದಿ, ತಿನ್ನೋ ವಿಷಯದಲ್ಲಿ ಒಬ್ಬರ ಮನಸ್ಸಾಕ್ಷಿನ ಇನ್ನೊಬ್ಬರು ತೂಗಬೇಡಿ ಅಂತ ಪೌಲ ಹೇಳಿದ್ದು ಇಲ್ಲಿಗೂ ಹೊಂದತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ಹಬ್ಬಕ್ಕೆ ಒಂದು ಗ್ಲಾಸ್ ವೈನ್ ಕುಡಿಯೋದು ಬೇರೆ, ಕೂಲಿ ದುಡ್ಡೆಲ್ಲ ಪ್ಯಾಕೆಟ್ ವಿಸ್ಕಿಗೆ ಹೋಗೋ ಮನೆಗಳಿಂದ ಬರೋ ಲಾಭ ಬೇರೆ, ನಾನು ಎರಡನೇದು ಬೇಡ ಅಂತೀನಿ.

ಗರ್ಭಪಾತದ ವಿಷಯದಲ್ಲಿ ಕಥೋಲಿಕ ಬೋಧನೆ ಸ್ಪಷ್ಟ, ಗರ್ಭನಿರೋಧಕಗಳೂ ಅವರ ಪಟ್ಟಿಗೆ ಬರ್ತವೆ, ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಿನವರು ಎರಡನೇದನ್ನ ತಪ್ಪು ಅನ್ನಲ್ಲ. ಕಷ್ಟ ಏನಂದ್ರೆ ನಮ್ಮ ಔಷಧ ಕಂಪನಿಗಳು ನೂರಾರು ಥರ ಮಾತ್ರೆ ಮಾಡ್ತವೆ, ಅದ್ರಲ್ಲಿ ಯಾವುದು ಎಷ್ಟು ಅಂತ ಹೊರಗಿಂದ ತಿಳಿಯೋದು ಸುಲಭ ಇಲ್ಲ. ಇದು ನಿಮ್ಮ ಮನಸ್ಸಿಗೆ ಭಾರ ಆಗ್ತಿದ್ರೆ ಫಾದರ್ ಹತ್ರ ಅಥವಾ ಪಾಸ್ಟರ್ ಹತ್ರ ಕೂತು ಮಾತಾಡಿ. ರಕ್ಷಣಾ ಕಂಪನಿಗಳೂ ಹಾಗೇ. ಎಚ್‌ಎಎಲ್, ಬಿಇಎಲ್ ಎರಡೂ ಬೆಂಗಳೂರಿನವೇ, ನಮ್ಮ ಸಭೆಯವರೇ ಎಷ್ಟೋ ಜನ ಅಲ್ಲಿ ದುಡಿದು ರಿಟೈರ್ ಆಗಿದ್ದಾರೆ. ಕ್ವೇಕರ್, ಮೆನ್ನೊನೈಟ್ ಪರಂಪರೆಯವರು ಯಾವ ಆಯುಧದ ಲಾಭನೂ ಬೇಡ ಅಂತಾರೆ, ಉಳಿದ ಸಭೆಗಳಲ್ಲಿ ಹೆಚ್ಚಿನವು ದೇಶ ಕಾಯೋದನ್ನ ತಪ್ಪು ಅನ್ನಲ್ಲ.

ಪಟ್ಟಿ ಜೊತೆಗೆ ಒಂದು ಮಿತಿನೂ ಬರ್ಕೊಳ್ಳಿ. ಬೇಡದ ವ್ಯಾಪಾರದಿಂದ ಬರೋ ಆದಾಯ ಒಟ್ಟು ಆದಾಯದ 5%ಗಿಂತ ಜಾಸ್ತಿ ಇದ್ರೆ ಆ ಕಂಪನಿ ಬೇಡ, ಈ ಥರ. ಇಲ್ಲಾಂದ್ರೆ ಹೋಟೆಲ್ ಕಂಪನಿಯಲ್ಲಿ ಬಾರ್ ಇದೆ, ಸಕ್ಕರೆ ಕಾರ್ಖಾನೆಯಲ್ಲಿ ಡಿಸ್ಟಿಲರಿ ಇದೆ ಅಂತ ಹುಡುಕ್ತಾ ಹೋದ್ರೆ ಕೊನೆಗೆ ಒಂದೂ ಉಳಿಯಲ್ಲ.

ಈಗ ಫೈಲ್ ತೆಗೀರಿ

ಮ್ಯೂಚುವಲ್ ಫಂಡ್ ಕಂಪನಿಗಳು ಪ್ರತಿ ಸ್ಕೀಮ್‌ನಲ್ಲಿ ಏನೇನು ಇಟ್ಕೊಂಡಿವೆ ಅಂತ ತಿಂಗಳು ಮುಗಿದ 10 ದಿನದೊಳಗೆ ವೆಬ್‌ಸೈಟಲ್ಲಿ ಹಾಕಲೇಬೇಕು, ಇದು ಷೇರುಪೇಟೆ ಮೇಲೆ ನಿಗಾ ಇಡೋ ಸೆಬಿಯ ನಿಯಮ. ಫ್ಯಾಕ್ಟ್‌ಶೀಟಲ್ಲಿ (ಫಂಡಿನ ಸಂಕ್ಷಿಪ್ತ ವಿವರದ ಹಾಳೆ) ಕೆಲವು ಸಲ ಟಾಪ್ 10 ಮಾತ್ರ ತೋರಿಸಿರ್ತಾರೆ, ಅದು ಸಾಲಲ್ಲ, ಮಂತ್ಲಿ ಪೋರ್ಟ್‌ಫೋಲಿಯೋ ಅನ್ನೋ ಎಕ್ಸೆಲ್ ಫೈಲ್ ಡೌನ್‌ಲೋಡ್ ಮಾಡಿ. ನಿಮ್ಮ ಹೆಸರಲ್ಲಿ ಯಾವ್ಯಾವ ಫಂಡ್ ಇದೆ ಅನ್ನೋದೇ ಮರೆತು ಹೋಗಿದ್ರೆ (ತುಂಬಾ ಜನಕ್ಕೆ ಮರೆತಿರತ್ತೆ, ಬ್ಯಾಂಕಿನವರು ಯಾವತ್ತೋ ಮಾಡಿಸಿದ್ದು) ಮೊದಲು ಸಿಎಎಸ್ ಸ್ಟೇಟ್‌ಮೆಂಟ್ ತರಿಸ್ಕೊಳ್ಳಿ, ಪ್ಯಾನ್ ಮೇಲೆ ಎಲ್ಲಾ ಫಂಡ್ ಒಂದೇ ಕಡೆ ಬರತ್ತೆ.

ಎಕ್ಸೆಲ್ ತೆಗೆದ್ರೆ ಕಂಪನಿ ಹೆಸರು, ಐಎಸ್‌ಐಎನ್ ನಂಬರ್ (ಷೇರಿನ ಗುರುತಿನ ಸಂಖ್ಯೆ), ಇಂಡಸ್ಟ್ರಿ, ಎಷ್ಟು ಷೇರು, ಎಷ್ಟು ಬೆಲೆ, ಫಂಡಿನ ಎಷ್ಟು ಪರ್ಸೆಂಟ್ ಅಂತ ಕಾಲಂಗಳಿರ್ತವೆ. ಬಹಳ ಜನ ಇಲ್ಲಿ ಟೊಬ್ಯಾಕೊ ಅಂತ ಸರ್ಚ್ ಕೊಟ್ಟು ಏನೂ ಸಿಗದೆ ಇದ್ರೆ ಸಮಾಧಾನ ಮಾಡ್ಕೊಂಡು ಫೈಲ್ ಮುಚ್ಚಿಬಿಡ್ತಾರೆ. ಆದ್ರೆ ಐಟಿಸಿ ಕಂಪನಿ ಎದುರು ಇಂಡಸ್ಟ್ರಿ ಕಾಲಂನಲ್ಲಿ ಇರೋದು ಡೈವರ್ಸಿಫೈಡ್ ಎಫ್‌ಎಂಸಿಜಿ ಅಂತ, ಅಂದ್ರೆ ದಿನಬಳಕೆಯ ಬೇರೆ ಬೇರೆ ಸಾಮಾನು. 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಅನ್ನೋ ಹೆಸರಲ್ಲಿ ಶುರುವಾದ ಕಂಪನಿ ಇದು, ಆಶೀರ್ವಾದ್ ಗೋಧಿಹಿಟ್ಟೂ ಮಾರತ್ತೆ ನೋಟ್‌ಬುಕ್ಕೂ ಮಾರತ್ತೆ, ಆದ್ರೆ ಲಾಭದ ದೊಡ್ಡ ಪಾಲು ಇವತ್ತಿಗೂ ಸಿಗರೇಟಿಂದ. ವಾರ್ಷಿಕ ವರದಿಯಲ್ಲಿ ಸೆಗ್ಮೆಂಟ್ ಅಂತ ಒಂದು ಟೇಬಲ್ ಇರತ್ತೆ, ಯಾವ ವ್ಯಾಪಾರದಿಂದ ಎಷ್ಟು ಆದಾಯ ಎಷ್ಟು ಲಾಭ ಅಂತ ಬಿಡಿಸಿ ಕೊಟ್ಟಿರ್ತಾರೆ, ಯಾವ ಕಂಪನಿ ಬಗ್ಗೆ ಅನುಮಾನ ಬಂದ್ರೂ ಅಲ್ಲಿಗೇ ಹೋಗಿ. ಯುನೈಟೆಡ್ ಸ್ಪಿರಿಟ್ಸ್ ಕಂಪನಿನೂ ಅಷ್ಟೇ, ಅದರ ಎದುರು ಬರೀ ಬೆವರೇಜಸ್ ಅಂತಿರತ್ತೆ, ಪೆಪ್ಸಿ ತುಂಬಿಸೋ ವರುಣ್ ಬೆವರೇಜಸ್‌ಗೂ ಅದೇ ಹೆಸರು. ಹಾಗಾಗಿ ಇಂಡಸ್ಟ್ರಿ ನೋಡ್ಬೇಡಿ, ಕಂಪನಿ ಹೆಸರು ನೋಡಿ. ಐಟಿಸಿ, ಗಾಡ್‌ಫ್ರೇ ಫಿಲಿಪ್ಸ್, ವಿಎಸ್‌ಟಿ, ಯುನೈಟೆಡ್ ಸ್ಪಿರಿಟ್ಸ್, ಯುನೈಟೆಡ್ ಬ್ರೂವರೀಸ್, ರಾಡಿಕೊ ಖೈತಾನ್, ಗೋವಾ ಕ್ಯಾಸಿನೊ ನಡೆಸೋ ಡೆಲ್ಟಾ ಕಾರ್ಪ್, ಇಷ್ಟು ಹೆಸರು ಸರ್ಚ್ ಕೊಟ್ರೆ ತಂಬಾಕು ಮದ್ಯ ಜೂಜಿನ ದೊಡ್ಡ ಭಾಗ ಸಿಕ್ಕಿಬಿಡತ್ತೆ.

ಸಿಕ್ಕಿದ್ದನ್ನ ರೂಪಾಯಿಗೆ ಇಳಿಸಿ. ನಿಫ್ಟಿ 50 ಇಂಡೆಕ್ಸ್ ಫಂಡಲ್ಲಿ (ನಿಫ್ಟಿ ಪಟ್ಟಿಯ 50 ದೊಡ್ಡ ಕಂಪನಿಗಳನ್ನ ಹಾಗೇ ಕೊಳ್ಳೋ ಫಂಡ್) ನಿಮ್ದು 2 ಲಕ್ಷ ಇದೆ, ಅದ್ರಲ್ಲಿ ಐಟಿಸಿ ತೂಕ 3% ಅಂತ ಇಟ್ಕೊಳ್ಳಿ, ಅಲ್ಲಿಗೆ 6,000 ರೂಪಾಯಿ. ಈ ನಂಬರ್ ಕಣ್ಣೆದುರು ಬಂದ ಮೇಲೆ ತೀರ್ಮಾನ ಮಾಡೋದು ಸುಲಭ. ಕೆಲವರಿಗೆ ಇಷ್ಟು ಪರವಾಗಿಲ್ಲ ಅನ್ಸತ್ತೆ, ಕೆಲವರಿಗೆ ಒಂದು ರೂಪಾಯಿನೂ ಬೇಡ ಅನ್ಸತ್ತೆ. ಇಂಡೆಕ್ಸ್ ಫಂಡಲ್ಲಿ ಆಯ್ಕೆ ಮಾಡೋಕೆ ಅವಕಾಶನೇ ಇಲ್ಲ, ನಿಫ್ಟಿಯಲ್ಲಿ ಏನಿದೆಯೋ ಅದನ್ನೆಲ್ಲ ಇಟ್ಕೊಳ್ಳಲೇಬೇಕು.

ಇನ್ನು ಇಪಿಎಫ್. ಅದಕ್ಕೆ ಹೊಸದಾಗಿ ಬರೋ ದುಡ್ಡಲ್ಲಿ 15%ವರೆಗೆ ಇಟಿಎಫ್ (ಷೇರುಪೇಟೆಯಲ್ಲೇ ಕೊಂಡು ಮಾರೋ ಫಂಡ್) ಮೂಲಕ ಷೇರಿಗೆ ಹೋಗತ್ತೆ. ಎಲ್‌ಐಸಿ ಕೈಯಲ್ಲೂ ಐಟಿಸಿ ಷೇರು ದೊಡ್ಡ ಪ್ರಮಾಣದಲ್ಲಿದೆ. ಇವೆರಡರಲ್ಲಿ ನಮ್ಮ ಕೈಲಿ ಏನೂ ಬದಲಾಯಿಸೋಕೆ ಆಗಲ್ಲ, ಅದಕ್ಕೆ ನಿದ್ದೆಗೆಡಬೇಡಿ. ಪಿಂಚಣಿಯ ಎನ್‌ಪಿಎಸ್‌ನಲ್ಲಿ ಮಾತ್ರ ಆ್ಯಕ್ಟಿವ್ ಚಾಯ್ಸ್ ತಗೊಂಡ್ರೆ ಷೇರು ಎಷ್ಟು, ಸರ್ಕಾರಿ ಬಾಂಡ್ ಎಷ್ಟು ಅಂತ ನೀವೇ ಹೇಳ್ಬಹುದು.

ಪಟ್ಟಿಗೆ ಸಿಗದ ಪಾಪಗಳು

ನನಗೆ ನಿಜವಾಗ್ಲೂ ಹೇಳ್ಬೇಕು ಅನ್ಸೋದು ಇದು. ಸಿಗರೇಟು ಹೆಂಡ ಬಿಟ್ಟುಬಿಟ್ರೆ ನಮ್ಮ ಪೋರ್ಟ್‌ಫೋಲಿಯೋ ಪವಿತ್ರ ಆಯ್ತು ಅಂತ ನಾವು ಅಂದ್ಕೊಳ್ತೀವಿ, ಆದ್ರೆ ಬೈಬಲ್‌ನಲ್ಲಿ ದುಡ್ಡಿನ ವಿಷಯ ಬಂದಲ್ಲೆಲ್ಲ ಪ್ರವಾದಿಗಳ ಕೋಪ ಹೋಗೋದು ಕೂಲಿ ಹಿಡಿದಿಟ್ಕೊಳ್ಳೋರ ಮೇಲೆ, ಬಡವನ ಹತ್ರ ಬಡ್ಡಿ ಹಿಂಡೋರ ಮೇಲೆ, ಸುಳ್ಳು ತೂಕದ ಕಲ್ಲಿನ ಮೇಲೆ. ಯಾಕೋಬ 5:4 ತೆಗೀರಿ, ಹೊಲ ಕೊಯ್ದವರಿಗೆ ಕೊಡದೆ ಇಟ್ಕೊಂಡ ಕೂಲಿನೇ ಕೂಗ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತಿದೆ. ಹಾಗಾದ್ರೆ ಕಾಂಟ್ರಾಕ್ಟ್ ಕೆಲಸದವರನ್ನ ಹಿಂಡಿ ಲಾಭ ತೋರಿಸೋ ಸಿಮೆಂಟ್ ಕಂಪನಿನೋ ಡೆಲಿವರಿ ಕಂಪನಿನೋ ನಮ್ಮ ಪಟ್ಟಿಯಲ್ಲಿ ಯಾಕಿಲ್ಲ?

ಇದನ್ನ ನೋಡೋಕೂ ದಾರಿ ಇದೆ. ಮಾರ್ಕೆಟ್ ಬೆಲೆ ಲೆಕ್ಕದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು 2022-23ರಿಂದ ವಾರ್ಷಿಕ ವರದಿ ಜೊತೆ ಬಿಆರ್‌ಎಸ್‌ಆರ್ ಅನ್ನೋ ವರದಿ (ಕೆಲಸದವರು, ಪರಿಸರ ಇವುಗಳ ಬಗ್ಗೆ ಕಂಪನಿ ಕೊಡೋ ಲೆಕ್ಕ) ಕೊಡ್ಲೇಬೇಕು. ದಪ್ಪ ವರದಿ, ಪೂರ್ತಿ ಓದೋ ಅಗತ್ಯ ಇಲ್ಲ. ಅದ್ರಲ್ಲಿ ಕನಿಷ್ಠ ವೇತನದ ಒಂದು ಟೇಬಲ್ ಇರತ್ತೆ, ಪರ್ಮನೆಂಟ್ ಕೆಲಸದವರು ಬೇರೆ, ಪರ್ಮನೆಂಟ್ ಅಲ್ಲದವರು ಬೇರೆ, ಎಷ್ಟು ಜನಕ್ಕೆ ಕನಿಷ್ಠ ವೇತನದಷ್ಟೇ ಕೊಡ್ತಿದ್ದಾರೆ ಎಷ್ಟು ಜನಕ್ಕೆ ಅದಕ್ಕಿಂತ ಜಾಸ್ತಿ ಅಂತ. ಇನ್ನೊಂದು ಟೇಬಲ್ ಕೆಲಸದ ಜಾಗದ ಅಪಘಾತ, ಸಾವುಗಳದ್ದು. ಹತ್ತು ನಿಮಿಷದ ಕೆಲಸ. ಎರಡು ವರ್ಷದ ವರದಿ ಪಕ್ಕಪಕ್ಕ ಇಟ್ಟು ಸಾವಿನ ಸಂಖ್ಯೆ ಏರ್ತಿದೆಯಾ ನೋಡಿ, ಕಂಪನಿಯ ಚಂದದ ಫೋಟೋಗಳಿಗಿಂತ ಅದು ಹೆಚ್ಚು ಹೇಳತ್ತೆ.

ಬಡ್ಡಿ ವಿಷಯ ನಮ್ಮ ರಾಜ್ಯಕ್ಕೆ ತೀರಾ ಹತ್ರದ್ದು. ಮೈಕ್ರೋಫೈನಾನ್ಸ್ ವಸೂಲಿಯವರ ಕಾಟ ತಡೀಲಾರದೆ ಜನ ಊರು ಬಿಟ್ಟಿದ್ದು, ಜೀವ ಕಳ್ಕೊಂಡಿದ್ದು ನಾವೆಲ್ಲ ಪೇಪರಲ್ಲಿ ಓದಿದೀವಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಇದಕ್ಕಂತಲೇ ಸುಗ್ರೀವಾಜ್ಞೆ ತರಬೇಕಾಯ್ತು. ವಿಮೋಚನಕಾಂಡ 22ರಲ್ಲಿ ಬಡವನ ಕಂಬಳಿ ಅಡವಿಟ್ಕೊಂಡಿದ್ರೆ ಹೊತ್ತು ಮುಳುಗೋದ್ರೊಳಗೆ ವಾಪಸ್ ಕೊಡು, ರಾತ್ರಿ ಅವನು ಏನು ಹೊದ್ಕೊಂಡು ಮಲಗ್ತಾನೆ ಅಂತ ದೇವರು ಕೇಳ್ತಾನೆ. ಹಾಗಂತ ಸಾಲ ಕೊಡೋ ಕಂಪನಿಗಳೆಲ್ಲ ಕೆಟ್ಟವು ಅಂತ ಅಲ್ಲ, ಬ್ಯಾಂಕ್ ಹತ್ತಿರ ಸೇರಿಸದ ಹೆಂಗಸರಿಗೆ ಸಾಲ ಸಿಕ್ಕಿದ್ದೂ ಇಂಥವರಿಂದಲೇ. ಆದ್ರೆ ಸಣ್ಣ ಸಾಲದ ಕಂಪನಿ ಷೇರು ತಗೊಳ್ಳೋ ಮುಂಚೆ ಬಡ್ಡಿ ಎಷ್ಟು, ವಸೂಲಿ ಹೇಗೆ ಮಾಡ್ತಾರೆ ಅಂತ ಅವರ ಸಾಲ ತಗೊಂಡ ಒಬ್ಬರನ್ನಾದ್ರೂ ಕೇಳಿ, ನಿಮ್ಮ ಸಭೆಯಲ್ಲೇ ಸಿಗ್ತಾರೆ, ನಿಮ್ಮ ಮನೆ ಕೆಲಸಕ್ಕೆ ಬರೋರನ್ನೇ ಕೇಳಬಹುದು.

ಹಾಗಾದ್ರೆ ಎಲ್ಲಿ ಹಾಕೋದು

ಇಎಸ್‌ಜಿ ಫಂಡ್ (ಪರಿಸರ, ಸಮಾಜ, ಆಡಳಿತ ನೋಡಿ ಕಂಪನಿ ಆರಿಸೋದು) ಅಂತ ಕೆಲವು ಇವೆ, 2023ರಲ್ಲಿ ಸೆಬಿ ಅವಕ್ಕೆ ಬೇರೆ ಬೇರೆ ವಿಧ ಮಾಡಿದೆ, ಅದ್ರಲ್ಲಿ ಎಕ್ಸ್‌ಕ್ಲೂಷನ್ ಅನ್ನೋ ವಿಧ ನಮಗೆ ಹತ್ರ, ಇಂಥಿಂಥ ವ್ಯಾಪಾರ ಬೇಡ ಅಂತ ಮೊದಲೇ ಬರೆದಿಟ್ಟಿರ್ತಾರೆ. ಉಳಿದ ವಿಧಗಳಲ್ಲಿ ಹೆಸರು ನೋಡಿ ಮೋಸ ಹೋಗ್ಬೇಡಿ. ನೀರು ಉಳಿಸೋದು, ಮರ ನೆಡೋದಕ್ಕೆಲ್ಲ ಅಂಕ ಕೊಡೋ ಪದ್ಧತಿಯಲ್ಲಿ ಐಟಿಸಿಗೇ ಎಂಎಸ್‌ಸಿಐ ಅನ್ನೋ ರೇಟಿಂಗ್ ಸಂಸ್ಥೆಯವರು ಎಎ ಅನ್ನೋ ಮೇಲಿನ ರೇಟಿಂಗ್ ಕೊಟ್ಟಿದ್ದಾರೆ. ಆ ಕಂಪನಿ ಪರಿಸರಕ್ಕೆ ಮಾಡಿದ ಕೆಲಸ ಸುಳ್ಳಲ್ಲ, ಆದ್ರೆ ನಮ್ಮ ಪ್ರಶ್ನೆಗೆ ಅದು ಉತ್ತರ ಅಲ್ಲ. ಸ್ಕೀಮ್ ದಾಖಲೆಯಲ್ಲಿ ಏನು ಬಿಡ್ತೀವಿ ಅಂತ ಬರೆದಿರೋ ಪುಟ ಓದಿ.

ಇನ್ನೊಂದು ದಾರಿ ಹೇಳಿದ್ರೆ ಕೆಲವರು ಹುಬ್ಬೇರಿಸ್ತಾರೆ, ಆದ್ರೂ ಹೇಳ್ತೀನಿ. 1996ರಿಂದ ಇರೋ ಟಾಟಾ ಎಥಿಕಲ್ ಫಂಡ್, ನಿಪ್ಪಾನ್‌ನವರ ನಿಫ್ಟಿ 50 ಶರಿಯಾ ಬೀಸ್ ಇಟಿಎಫ್, ಇವು ಮುಸ್ಲಿಂ ಧರ್ಮದ ನಿಯಮದ ಪ್ರಕಾರ ಕಂಪನಿ ಆರಿಸ್ತವೆ. ಮದ್ಯ, ತಂಬಾಕು, ಜೂಜು ಹೊರಗೆ, ತುಂಬಾ ಸಾಲ ಮಾಡಿರೋ ಕಂಪನಿಗಳೂ ಹೊರಗೆ. ನಮ್ಮ ಪಟ್ಟಿಗೂ ಅವರ ಪಟ್ಟಿಗೂ ಮುಕ್ಕಾಲು ಭಾಗ ಒಂದೇ, ನೆರೆಯವರು ಶ್ರದ್ಧೆಯಿಂದ ಸೋಸಿಟ್ಟಿದ್ದನ್ನ ನಾವು ಉಪಯೋಗಿಸೋದ್ರಲ್ಲಿ ತಪ್ಪೇನೂ ಕಾಣಲ್ಲ. ಒಂದೇ ಎಚ್ಚರ, ಬಡ್ಡಿ ವ್ಯವಹಾರ ಅಂತ ಬ್ಯಾಂಕುಗಳೆಲ್ಲ ಅಲ್ಲಿ ಇರಲ್ಲ, ಹಾಗಾಗಿ ಐಟಿ, ಔಷಧ ಇಂಥ ಕೆಲವೇ ಕ್ಷೇತ್ರಗಳ ಭಾರ ಜಾಸ್ತಿ, ನಿಫ್ಟಿ ಏರಿದಾಗ ಇದು ಏರದೆ ಇರಬಹುದು, ಉಲ್ಟಾನೂ ಆಗಬಹುದು. ಪೂರ್ತಿ ದುಡ್ಡು ಇಲ್ಲೇ ಬೇಡ.

ಷೇರೇ ಬೇಡ ಅನ್ನೋರಿಗೆ ಪಿಪಿಎಫ್ ಇದೆ, ಆರ್‌ಬಿಐ ರಿಟೇಲ್ ಡೈರೆಕ್ಟ್‌ನಲ್ಲಿ ಸರ್ಕಾರಿ ಬಾಂಡ್ ನೇರವಾಗಿ ತಗೋಬಹುದು. ಸಮುದಾಯದ ಬ್ಯಾಂಕಲ್ಲಿ ಎಫ್‌ಡಿ ಇಡ್ತೀನಿ ಅಂದ್ರೆ ಅದೂ ಒಳ್ಳೇದೇ, ಮಂಗಳೂರಿನ ಕಥೋಲಿಕ ಸಹಕಾರಿ ಬ್ಯಾಂಕ್ 1912ರಿಂದ ಇದೆ, ಆದ್ರೆ ಯಾವ ಬ್ಯಾಂಕೇ ಆಗ್ಲಿ ಡಿಐಸಿಜಿಸಿ ವಿಮೆ (ಬ್ಯಾಂಕ್ ಮುಳುಗಿದ್ರೆ ಡೆಪಾಸಿಟ್ ವಾಪಸ್ ಕೊಡೋದು) ಒಬ್ಬರಿಗೆ ಒಂದು ಬ್ಯಾಂಕಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ, ಅದರೊಳಗೇ ಇರಿ. ಕ್ರೆಡಿಟ್ ಸೊಸೈಟಿಗಳಿಗೆ ಈ ವಿಮೆನೂ ಇಲ್ಲ ಅನ್ನೋದು ನೆನಪಿರಲಿ.

ಬದಲಾಯಿಸುವಾಗ ಅವಸರ ಬೇಡ

ಭಾನುವಾರ ಪ್ರಸಂಗ ಕೇಳಿ ಸೋಮವಾರ ಎಲ್ಲಾ ಮಾರಿಬಿಡೋರು ಇದ್ದಾರೆ, ಮಾಡ್ಬೇಡಿ. ಮೊದಲು ಹಳೇ ಎಸ್‌ಐಪಿ ನಿಲ್ಸಿ, ಅದೇ ದಿನ ಹೊಸ ಫಂಡಲ್ಲಿ ಎಸ್‌ಐಪಿ ಶುರು ಮಾಡಿ, ಉಳಿತಾಯದ ಅಭ್ಯಾಸ ತಪ್ಪಬಾರದು. ಹಳೇ ಯೂನಿಟ್‌ಗಳನ್ನ ನಿಧಾನಕ್ಕೆ ಮಾರಿ. ಒಂದು ವರ್ಷ ಆಗದ ಯೂನಿಟ್ ಮಾರಿದ್ರೆ ಎಷ್ಟೋ ಫಂಡಲ್ಲಿ 1% ಎಕ್ಸಿಟ್ ಲೋಡ್ (ಬೇಗ ಹೊರಬಂದಿದ್ದಕ್ಕೆ ಕಡಿತ), ಲಾಭದ ಮೇಲೆ 20% ಟ್ಯಾಕ್ಸ್. ವರ್ಷ ದಾಟಿದ್ರೆ ಈಗಿನ ನಿಯಮದಲ್ಲಿ ವರ್ಷಕ್ಕೆ 1.25 ಲಕ್ಷ ಲಾಭದವರೆಗೆ ಟ್ಯಾಕ್ಸ್ ಇಲ್ಲ, ಮೇಲಿಂದಕ್ಕೆ 12.5%. ಹಾಗಾಗಿ ಲಾಭ ದೊಡ್ಡದಿದ್ರೆ ಮಾರ್ಚ್‌ನಲ್ಲಿ ಸ್ವಲ್ಪ, ಏಪ್ರಿಲ್‌ನಲ್ಲಿ ಸ್ವಲ್ಪ ಅಂತ ಎರಡು ವರ್ಷದ ಲೆಕ್ಕಕ್ಕೆ ಹಂಚಿ ಮಾರಬಹುದು. ಟ್ಯಾಕ್ಸ್ ಉಳಿಸೋ ಇಎಲ್‌ಎಸ್‌ಎಸ್ ಫಂಡಲ್ಲಿ ಪ್ರತಿ ಕಂತಿಗೂ ಬೇರೆ ಬೇರೆ ಮೂರು ವರ್ಷ ಲಾಕ್ ಇರತ್ತೆ, ಅದು ಮುಗಿಯೋವರೆಗೂ ಕಾಯ್ಲೇಬೇಕು.

ಮಾರಿ ಬಂದ ಲಾಭದಲ್ಲಿ ಬೇಡದ ಕಂಪನಿಯ ಪಾಲು ಎಷ್ಟು ಅಂತ ಅಂದಾಜು ಮಾಡಿ ಅಷ್ಟನ್ನ ಕುಡಿತ ಬಿಡಿಸೋ ಕೇಂದ್ರಕ್ಕೋ ಕ್ಯಾನ್ಸರ್ ರೋಗಿಗಳಿಗೋ ಕೊಟ್ಟುಬಿಡೋರನ್ನ ನೋಡಿದೀನಿ. ಯಾರೂ ಹೇಳಿದ್ದಲ್ಲ, ಅವರಿಗೇ ಅನ್ಸಿದ್ದು, ನನಗೆ ತುಂಬಾ ಹಿಡಿಸ್ತು.

ಸ್ತೋತ್ರ ಹೇಳ್ಕೊಂಡು ಬರೋ ಸ್ಕೀಮ್‌ಗಳು

ನಂಬಿಕೆಯ ಹೆಸರಲ್ಲಿ ಹೂಡಿಕೆ ಹುಡುಕೋರಿಗೆ ದೊಡ್ಡ ಅಪಾಯ ಇರೋದು ಇಲ್ಲಿ. ಧರ್ಮಸಮ್ಮತ ಹೂಡಿಕೆ ಅಂತ ನಂಬಿ ಬೆಂಗಳೂರಿನ ಐಎಂಎ ಅನ್ನೋ ಕಂಪನಿಗೆ ದುಡ್ಡು ಕಟ್ಟಿದ ಸಾವಿರಾರು ಮುಸ್ಲಿಂ ಕುಟುಂಬಗಳು 2019ರಲ್ಲಿ ಬೀದಿಗೆ ಬಂದವು. ಮಗಳ ಮದುವೆಗೆ ಇಟ್ಟಿದ್ದು, ರಿಟೈರ್ ಆದಾಗ ಬಂದಿದ್ದು ಎಲ್ಲಾ ಹೋಯ್ತು. ನಮ್ಮ ಸಭೆಗಳಲ್ಲಿ ಇದು ಆಗಲ್ಲ ಅನ್ನೋ ಧೈರ್ಯ ಬೇಡ. ಪ್ರಾರ್ಥನಾ ಗುಂಪಲ್ಲಿ ಪರಿಚಯ ಆದ ಬ್ರದರ್ ತಿಂಗಳಿಗೆ 3% ಗ್ಯಾರಂಟಿ ಅಂದ್ರೆ, ದೇವರ ರಾಜ್ಯದ ಬಿಸಿನೆಸ್ ಅಂದ್ರೆ, ಇವತ್ತೇ ಕಟ್ಟಿ ಅಂದ್ರೆ ಅಲ್ಲಿಗೇ ಎದ್ದು ಬನ್ನಿ. ಸಲಹೆ ಕೊಡೋರಾದ್ರೆ ಸೆಬಿ ರಿಜಿಸ್ಟ್ರೇಷನ್ ನಂಬರ್ ಕೇಳಿ ಸೆಬಿ ವೆಬ್‌ಸೈಟಲ್ಲಿ ನೋಡಿ. ಚೀಟಿ ಹಾಕೋದಾದ್ರೆ ರಿಜಿಸ್ಟರ್ ಆದ ಚೀಟಿನಾ ಕೇಳಿ. ದುಡ್ಡು ಡೆಪಾಸಿಟ್ ತಗೊಳ್ಳೋದಾದ್ರೆ ಯಾವ ಕಾನೂನಿನ ಕೆಳಗೆ ತಗೊಳ್ತಿದ್ದಾರೆ ಕೇಳಿ, ಅನುಮತಿ ಇಲ್ಲದ ಡೆಪಾಸಿಟ್ ಸ್ಕೀಮ್‌ಗಳನ್ನ 2019ರ ಕೇಂದ್ರ ಕಾನೂನು ನಿಷೇಧ ಮಾಡಿದೆ. ಪಾಸ್ಟರ್‌ಗಳು ಫಾದರ್‌ಗಳು ದಯವಿಟ್ಟು ವೇದಿಕೆ ಮೇಲಿಂದ ಯಾವ ಸ್ಕೀಮನ್ನೂ ಹೊಗಳಬೇಡಿ, ಜನ ನಿಮ್ಮ ಮಾತನ್ನ ದೇವರ ಮಾತಿನ ಹಾಗೆ ತಗೊಳ್ತಾರೆ.

ಕೊಡೋದು, ಬಿಟ್ಟು ಹೋಗೋದು

ಕೊಡೋ ದುಡ್ಡನ್ನ ಹೂಡಿಕೆಯ ಜೊತೆಗೇ ಪ್ಲಾನ್ ಮಾಡಿ, ಎಸ್‌ಐಪಿ ದಿನವೇ ದಶಮಾಂಶನೂ ಬೇರೆ ಖಾತೆಗೆ ಹೋಗೋ ಹಾಗೆ ಸೆಟ್ ಮಾಡಿದ್ರೆ ತಿಂಗಳ ಕೊನೆಗೆ ಇಲ್ಲ ಅನ್ನೋ ಮಾತು ಬರಲ್ಲ. ದಾನಕ್ಕೆ ಸಿಗೋ 80ಜಿ ಟ್ಯಾಕ್ಸ್ ವಿನಾಯಿತಿ ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಮಾತ್ರ, ಅದೂ 80ಜಿ ನೋಂದಣಿ ಇರೋ ಸಂಸ್ಥೆಗೆ, 2,000 ರೂಪಾಯಿ ಮೇಲೆ ನಗದಾಗಿ ಕೊಟ್ರೆ ಲೆಕ್ಕಕ್ಕಿಲ್ಲ, ಚರ್ಚಿಗೆ ಕೊಟ್ಟಿದ್ದೆಲ್ಲ ಇದಕ್ಕೆ ಬರಲ್ಲ. ಸೇವಾ ಸಂಸ್ಥೆಗಳು ದುಡ್ಡು ಎತ್ತೋಕೆ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಅಂತ ಹೊಸ ವ್ಯವಸ್ಥೆನೂ ಇದೆ, 2023ರ ಡಿಸೆಂಬರಲ್ಲಿ ಮೊದಲು ಲಿಸ್ಟ್ ಆಗಿದ್ದು ನಮ್ಮ ಬೆಂಗಳೂರಿನ ಉನ್ನತಿ ಫೌಂಡೇಶನ್. ಅಲ್ಲಿನ ಜೀರೋ ಕೂಪನ್ ಜೀರೋ ಪ್ರಿನ್ಸಿಪಲ್ ಬಾಂಡಲ್ಲಿ ಬಡ್ಡಿನೂ ಇಲ್ಲ ಅಸಲೂ ವಾಪಸ್ ಬರಲ್ಲ, ಅದು ಕಾಣಿಕೆನೇ, ಆದ್ರೆ ದುಡ್ಡು ಹೇಗೆ ಖರ್ಚಾಯ್ತು ಅಂತ ಸಂಸ್ಥೆ ಲೆಕ್ಕ ಕೊಡ್ಬೇಕು.

ವಿಲ್ ಬರೆದಿಲ್ಲದ ಮನೆಗಳು ನಮ್ಮಲ್ಲಿ ಜಾಸ್ತಿ. ಡಿಮ್ಯಾಟ್‌ಗೆ (ಷೇರು ಇಡೋ ಖಾತೆ) ನಾಮಿನಿ ಹಾಕಿದೀನಲ್ಲ ಅಂತಾರೆ, ನಾಮಿನಿ ಅಂದ್ರೆ ವಾರಸುದಾರ ಅಲ್ಲ. ವಿಲ್ ಇಲ್ಲದೆ ಹೋದ್ರೆ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಆಸ್ತಿ ಹಂಚಿಕೆ ಆಗತ್ತೆ, ಅನಾಥಾಶ್ರಮಕ್ಕೆ ಸ್ವಲ್ಪ ಕೊಡ್ಬೇಕು ಅಂತ ನೀವು ಬಾಯಲ್ಲಿ ಹೇಳಿದ್ದು ನಿಲ್ಲಲ್ಲ. ಹತ್ತಿರದ ಸಂಬಂಧಿಕರಿರೋ ಕ್ರೈಸ್ತರು ಧರ್ಮಕಾರ್ಯಕ್ಕೆ ಆಸ್ತಿ ಬರೀಬೇಕಂದ್ರೆ ಸಾಯೋದಕ್ಕೆ ಕನಿಷ್ಠ 12 ತಿಂಗಳ ಮುಂಚೆ ವಿಲ್ ಆಗಿರಬೇಕು ಅಂತ ಅದೇ ಕಾಯ್ದೆಯ 118ನೇ ಸೆಕ್ಷನ್ ಕಟ್ಟಿಹಾಕಿತ್ತು, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ಈಗ ಆ ಅಡ್ಡಿ ಇಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕು, ವಿಲ್‌ನಿಂದ ಏನಾದ್ರೂ ಪಡೆಯೋರನ್ನಾಗ್ಲಿ ಅವರ ಗಂಡ ಹೆಂಡತಿನಾಗ್ಲಿ ಸಾಕ್ಷಿ ಮಾಡ್ಬೇಡಿ, ಮಾಡಿದ್ರೆ ಅವರಿಗೆ ಬರೆದಿದ್ದೇ ಹೋಗತ್ತೆ. ರಿಜಿಸ್ಟರ್ ಮಾಡ್ಸೋದು ಕಡ್ಡಾಯ ಅಲ್ಲ, ಆದ್ರೂ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮಾಡ್ಸಿಟ್ರೆ ಒಳ್ಳೇದು, ಮತ್ತೆ ಅದು ಯಾವ ಕಪಾಟಲ್ಲಿದೆ ಅಂತ ಮಕ್ಕಳಿಗೆ ಹೇಳಿಡಿ.